ಬಿಳಿ ಮುಚ್ಚಳದ ಡಬ್ಬಿ

ಜನವರಿ 6, ಸೋಮವಾರ. ಸಂಜೆ

ಇವತ್ತು ಹದಿನೆಂಟು ಡಬ್ಬಿ ತುಂಬಿಸಿದೆ. ಬೆನ್ನು ನೋವು.

ಕುಮುದಿನಿಯಕ್ಕನ ಪಾರ್ಲರಿನ ಹಿಂದಿನ ಕೋಣೆ ಅಂದರೆ ಒಂದು ಬಕೆಟ್, ಕಾಲು ಅಲ್ಲಾಡುವ ಸ್ಟೂಲ್, ದೊಡ್ಡ ಸ್ಟೀಲ್ ಪಾತ್ರೆ. ಪಾತ್ರೆಗೆ ಕೋಲ್ಡ್ ಕ್ರೀಮ್. ಅದರ ಮೇಲೆ ಮೆಡಿಕಲಿನಿಂದ ತಂದ ಟ್ಯೂಬ್‌ಗಳನ್ನು ಹಿಂಡಬೇಕು — ಮುಗಿದ ಪೇಸ್ಟ್ ಹಿಂಡಿದ ಹಾಗೆ, ಬುಡದಿಂದ ಮಡಚಿ ಮಡಚಿ. ಸ್ವಲ್ಪ ರೋಸ್ ವಾಟರ್. ಮರದ ಸೌಟಿನಲ್ಲಿ ತಿರುಗಿಸಿ ಬಿಳಿ ಮುಚ್ಚಳದ ಸಣ್ಣ ಡಬ್ಬಿಗಳಿಗೆ ತುಂಬುವುದು. ಮುಚ್ಚಳದ ಮೇಲೆ ಗಿರಾಕಿಯ ಹೆಸರು, ಮಾರ್ಕರಿನಲ್ಲಿ. ನನ್ನ ಅಕ್ಷರ ದುಂಡಗೆ ಚೆಂದ ಉಂಟಂತೆ. ಸೆಕೆಂಡ್ ಪಿಯುಸಿ ಅರ್ಧಕ್ಕೆ ಬಿಟ್ಟವಳಿಗೆ ಸಿಕ್ಕಿದ ಒಂದೇ ಸರ್ಟಿಫಿಕೇಟು.

ಇದಕ್ಕೆ ‘ನೈಟ್ ಕ್ರೀಮ್’ ಅಂತ ಹೆಸರು. ಕಡಬದಲ್ಲಿ ಮದುವೆ ಗೊತ್ತಾದ ಹುಡುಗಿ ಮೊದಲು ಟೈಲರ್ ಹತ್ತಿರ ಹೋಗುತ್ತಾಳೆ, ಮತ್ತೆ ಇಲ್ಲಿಗೆ.

ಮಧ್ಯಾಹ್ನ ಒಬ್ಬಳು ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದಳು. “ಎಷ್ಟು ದಿನಕ್ಕೆ ಬಿಳಿ ಆಗ್ತಾಳೆ?” ಐದು ಸಲ ಕೇಳಿದಳು. ಗೋಡೆಗೆ ಸುಣ್ಣ ಹೊಡೆಸುವವರೂ ಇಷ್ಟು ಸಲ ಕೇಳುವುದಿಲ್ಲ. ಮಗಳು ನೆಲ ನೋಡುತ್ತಿದ್ದಳು. ನನಗೆ ತಡೆಯಲಿಲ್ಲ. “ಇವಳಿಗೆ ಎಂತ ಆಗಿದೆ ಈಗ? ಚೆಂದ ಇದ್ದಾಳಲ್ಲ” ಅಂದೆ. ಕುಮುದಿನಿಯಕ್ಕ ಕೌಂಟರಿನ ಕೆಳಗಿಂದ ನನ್ನ ಕಾಲು ತುಳಿದಳು.

ಅವರು ಹೋದ ಮೇಲೆ — “ನಿನ್ನ ಬಾಯಿಗೆ ಒಂದು ವ್ಯಾಕ್ಸ್ ಮಾಡ್ಬೇಕು ಮಾರಾಯ್ತಿ.”

ನಗು ಬಂತು. ಅವಳು ಕೆಟ್ಟವಳಲ್ಲ. ಕಾಲೇಜು ಬಿಟ್ಟು ಮನೆಯಲ್ಲಿ ಕೂತಿದ್ದಾಗ ಕರೆದು ಕೆಲಸ ಕೊಟ್ಟದ್ದು ಅವಳೇ.

ಅಕ್ಕನಿಗೂ ಇದೇ ಡಬ್ಬಿ. ನಾನೇ ತಂದುಕೊಟ್ಟದ್ದು, ದೀಪಾವಳಿಗೆ. ದೀಪ್ತಿ ಅಕ್ಕನ ಮದುವೆ ಮೇ ನಾಲ್ಕಕ್ಕೆ, ಸುಳ್ಯ ಕಡೆಯ ಜಯಪ್ರಕಾಶ್ ಅಂತ, ರಬ್ಬರ್ ಸೊಸೈಟಿಯಲ್ಲಿ ಕೆಲಸ. ಅವನು ಬಂದು ನೋಡಿ ಹೋಗಿ ಒಪ್ಪಿದ ಮೇಲೆ ಅವನ ಚಿಕ್ಕಮ್ಮ ಫೋನಿನಲ್ಲಿ ಒಂದು ಮಾತು ಹೇಳಿದ್ದಳು — “ಫೋಟೋದಲ್ಲಿ ನಮ್ಮ ಹುಡುಗನೇ ಬೆಳ್ಳಗೆ ಕಾಣ್ತಾನೆ.” ಅಷ್ಟೇ. ಅವ್ವನ ನಿದ್ದೆ ಹಾರಿತು.

ಈಗ ಅಕ್ಕ ಬೆಳ್ಳಗೆ ಆಗಿದ್ದಾಳೆ. ಹಾಲಿನ ಸೊಸೈಟಿಯಲ್ಲಿ ಅವಳು ಲೆಕ್ಕ ಬರೆಯುವ ಟೇಬಲ್ ಹತ್ತಿರ ಬಂದವರೆಲ್ಲ ಕೇಳುತ್ತಾರಂತೆ. ಕೆನ್ನೆ ಗುಲಾಬಿ. ಬಿಸಿಲಿಗೆ ಹೋದರೆ ಚುರುಚುರು ಅನ್ನುತ್ತದೆ ಅಂತಾಳೆ. ಅದು ಕೊಳೆ ಹೋಗುವ ಲಕ್ಷಣ ಅಂತ ಕುಮುದಿನಿಯಕ್ಕ.

ಜನವರಿ 19, ಭಾನುವಾರ

ವೆಂಕಪ್ಪಜ್ಜ ತೀರಿಕೊಂಡರು. ನಮ್ಮ ಅಜ್ಜನ ತಮ್ಮ, ಸುಳ್ಯದ ಮನೆಯವರು. ತೊಂಬತ್ತು ದಾಟಿತ್ತು. ಕೊನೆಯವರೆಗೂ ನನ್ನನ್ನು ನೋಡಿದರೆ “ಪರೀಕ್ಷೆ ಯಾವಾಗ?” ಅಂತ ಕೇಳುವುದನ್ನು ಬಿಡಲಿಲ್ಲ. ನಾನು ಬಿಟ್ಟಿದ್ದೇನೆ ಅಂತ ಪ್ರತಿ ಸಲ ಹೇಳುತ್ತಿದ್ದೆ. “ಹೌದಾ, ಯಾವಾಗಿಂದ?” ಅಂತ ಪ್ರತಿ ಸಲ ಆಶ್ಚರ್ಯ.

ಹದಿನಾರು ದಿನ ಸೂತಕ. ಮೈಗೆ, ಮುಖಕ್ಕೆ ಏನೂ ಹಚ್ಚಬಾರದು. ಪಾರ್ಲರಿಗೂ ಹೋಗುವ ಹಾಗಿಲ್ಲ. ಮದುವೆ ಹುಡುಗಿಯರನ್ನು ಸೂತಕದ ಕೈಯಲ್ಲಿ ಮುಟ್ಟುವುದಾ?

ಅಲ್ಲಿಂದ ಬಂದು ಸ್ನಾನ ಆದದ್ದೇ ಅಜ್ಜಿ ಬುಟ್ಟಿ ಹಿಡಿದುಕೊಂಡು ಕೋಣೆ ಕೋಣೆ ಹೊಕ್ಕರು. ದುಗ್ಗಮ್ಮಜ್ಜಿಗೆ ಎಂಬತ್ತು, ಆದರೆ ಈ ವಿಷಯದಲ್ಲಿ ಪೊಲೀಸ್. ತಲೆಗೆ ಹಾಕುವ ಎಣ್ಣೆ, ಪೌಡರ್, ಅಪ್ಪನ ಶೇವಿಂಗ್ ಸೆಟ್ಟು, ನನ್ನ ಲಿಪ್ ಬಾಮ್. ಅಕ್ಕನ ಡಬ್ಬಿ.

“ಇದು ಮದ್ದಿನ ಹಾಗೆ ಅಜ್ಜಿ, ಬಿಡ್ಲಿಕ್ಕಿಲ್ಲ ಅಂತ ಹೇಳಿದ್ದಾರೆ.”

“ಸತ್ತವ ಅಲ್ಲಿ ಬೂದಿಯಾಗಿ ಉಟ್ಟು. ಇಲ್ಲಿ ನಿಂಗೆ ಮುಖಕ್ಕೆ ಬೆಣ್ಣೆಯಾ?” ಅಜ್ಜಿಯ ಅರೆಭಾಷೆಯಲ್ಲಿ ‘ಉಂಟು’ ಅಂದರೆ ‘ಉಟ್ಟು’.

ಬುಟ್ಟಿ ಅಟ್ಟಕ್ಕೆ ಹೋಯಿತು. ಏಣಿ ಹಿಡಿದದ್ದು ನಾನು.

ಜನವರಿ 25, ಶನಿವಾರ

ಅಕ್ಕನ ಮುಖ ಕೆಂಪಾಗಿದೆ. ಒಲೆಯ ಎದುರು ಕೂತ ಹಾಗೆ ಉರಿಯುತ್ತದಂತೆ. ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದಾಳೆ. ಬಟ್ಟೆ ಐದು ನಿಮಿಷಕ್ಕೆ ಒಣಗುತ್ತದೆ.

ಅವ್ವ ಸೌತೆಕಾಯಿ ಹಚ್ಚಿದರು. ಚೀರಿದಳು.

ಜನವರಿ 29, ಬುಧವಾರ. ರಾತ್ರಿ

ಕೆನ್ನೆ ತುಂಬ ಸಣ್ಣ ಸಣ್ಣ ಕೀವು ತುಂಬಿದ ಗುಳ್ಳೆ. ಕಣ್ಣು ಬೀಗಿದೆ. ಕನ್ನಡಿಗೆ ಅವಳೇ ಸೀರೆ ಹೊದೆಸಿದ್ದಾಳೆ. ಸೊಸೈಟಿಗೆ ರಜೆ. ಜಯಪ್ರಕಾಶ್ ವೀಡಿಯೊ ಕಾಲ್ ಮಾಡಿದರೆ “ನೆಟ್‌ವರ್ಕ್ ಇಲ್ಲ” ಅಂತ ಮೆಸೇಜ್. ಮೆಸೇಜ್ ಹೋಗುವ ನೆಟ್‌ವರ್ಕ್ ಉಂಟು, ಮುಖ ಹೋಗುವ ನೆಟ್‌ವರ್ಕ್ ಇಲ್ಲ. ಅವನು ನಂಬಿದನೋ ಏನೋ.

ನಾನು ಹೇಳಿದೆ, ಪುತ್ತೂರಿಗೆ ಹೋಗುವ, ಚರ್ಮದ ಡಾಕ್ಟರ್ ಇದ್ದಾರೆ. ಅಪ್ಪ ಒಪ್ಪಲಿಲ್ಲ. “ಸೂತಕದ ಒಳಗೆ ಹೀಗೆ ಆಗ್ಬೇಕಾದ್ರೆ ಅದು ಡಾಕ್ಟರಿಗೆ ಸಿಕ್ಕುವಂಥದ್ದಲ್ಲ.” ಅಜ್ಜಿ ಸರ್ಪಸುತ್ತು ಅಂದರು. ಪಕ್ಕದ ಬೋಜಣ್ಣ ಬೇಲಿಯಾಚೆಯಿಂದಲೇ “ಸುತ್ತು ಪೂರ್ತಿ ಆದ್ರೆ ಕಷ್ಟ ಉಂಟು” ಅಂದ. ಅವನು ನೋಡಿಯೂ ಇಲ್ಲ.

ಸಂಜೆ ಅಪ್ಪ ಜೋಯಿಸರಲ್ಲಿಗೆ ಫೋನ್ ಮಾಡಿದರು.

ಫೆಬ್ರವರಿ 1, ಶನಿವಾರ

ಅಪ್ಪ ಪ್ರಶ್ನೆ ಕೇಳಿಸಿಕೊಂಡು ಬಂದರು. ಕವಡೆಯಲ್ಲಿ ನಾಗ ಕಂಡಿದ್ದಾನಂತೆ. ನಾಗಬನದ ಹತ್ತಿರ ಮರಕ್ಕೆ ಕತ್ತಿ ತಾಗಿದೆಯಂತೆ.

“ಮೂರು ವರ್ಷದ ಹಿಂದೆ ಆ ಮರದ ಒಂದು ಗೆಲ್ಲು ಕಡಿದದ್ದು ಹೌದು, ಕರೆಂಟ್ ಲೈನಿಗೆ ತಾಗ್ತಿತ್ತು.” ಅಪ್ಪನ ಮುಖ ಸಣ್ಣ ಆಗಿತ್ತು. ನನ್ನಪ್ಪ ಕುಶಾಲಪ್ಪ ಅಂದರೆ ಊರಿನಲ್ಲಿ ಯಾರಿಗೂ ಹೆದರದ ಜನ.

“ಗೆಲ್ಲು ಕಡಿದದ್ದು ನೀವು. ಸುಟ್ಟದ್ದು ಅಕ್ಕನ ಮುಖವಾ? ನಾಗನಿಗೆ ಮನುಷ್ಯರ ಗುರುತು ಸಿಗುದಿಲ್ವಾ?” ಅಂದೆ.

ಅವ್ವ ಕೈಯಲ್ಲಿದ್ದ ಸೌಟು ಎತ್ತಿದರು. “ಬಾಯಿಂದಾಗಿ ಕಾಲೇಜು ಹೋಯ್ತು. ಇನ್ನು ಎಂತ ಹೋಗ್ಲಿಕ್ಕೆ ಉಂಟು?”

ಕಾಲೇಜಿನ ಕಥೆ ಅದಲ್ಲ. ಪರೀಕ್ಷೆಯಲ್ಲಿ ಮೇಷ್ಟ್ರೇ ಉತ್ತರ ಹೇಳಿಕೊಟ್ಟಿದ್ದರು. ಹೌದಾ ಅಂತ ಪ್ರಿನ್ಸಿಪಾಲ್ ಎಲ್ಲರೆದುರು ಕೇಳಿದರು. ನಾನು ಹೌದು ಅಂದೆ. ಉಳಿದ ನಲವತ್ತಮೂರು ಮಂದಿ ಇಲ್ಲ ಅಂದರು. ಮತ್ತೆ ಆ ಕ್ಲಾಸಿನಲ್ಲಿ ಕೂತುಕೊಳ್ಳುವುದು ಹೇಗೆ?

ಫೆಬ್ರವರಿ 5, ಬುಧವಾರ

ನಿನ್ನೆ ಸೂತಕ ಕಳೆಯಿತು. ಇವತ್ತು ಬನದಲ್ಲಿ ನಾಗನಿಗೆ ತಂಬಿಲ ಪೂಜೆ. ಹಾಲು, ಸೀಯಾಳ, ಅರಿಶಿನ. ಅಕ್ಕ ಸೆರಗು ಮುಖಕ್ಕೆ ಎಳೆದುಕೊಂಡು ಕೈಮುಗಿದು ನಿಂತಿದ್ದಳು. ಭಟ್ಟರು ಪ್ರಸಾದದ ಅರಿಶಿನ ಹಣೆಗೆ ಹಚ್ಚಿಕೊಳ್ಳಿ ಅಂದರು. ಹಚ್ಚಿದಳು, ಹಲ್ಲು ಕಚ್ಚಿ.

ಅಟ್ಟದಿಂದ ಬುಟ್ಟಿ ಇಳಿಯಿತು. ಎಲ್ಲರ ಎಣ್ಣೆ, ಪೌಡರ್ ಎಲ್ಲರಿಗೆ. ಸಂಜೆ ಅಕ್ಕ ಡಬ್ಬಿ ತೆರೆದಳು.

ಫೆಬ್ರವರಿ 8, ಶನಿವಾರ

ಮುಖ ತಂಪಾಗಿದೆ. ಗುಳ್ಳೆ ಬಾಡಿವೆ. ಮನೆಯಲ್ಲಿ ಹಬ್ಬ. ಅಜ್ಜಿ ದಿಕ್ಕು ದಿಕ್ಕಿಗೆ ಫೋನ್ ಮಾಡಿಸಿ ಹೇಳುತ್ತಿದ್ದಾರೆ, ಮೂರೇ ದಿನದಲ್ಲಿ ನಾಗ ಒಲಿದ. ಕುಮುದಿನಿಯಕ್ಕ ಫೋನಿನಲ್ಲಿ, “ನೋಡಿದ್ಯಾ, ಕ್ರೀಮ್ ಬಿಟ್ಟದ್ದಕ್ಕೆ ಹಾಗೆ ಆದದ್ದು. ಪುನಃ ಹಚ್ಚಿದ್ಳು, ಸರಿ ಆಯ್ತು.”

ಆ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಅವಳು ಅದನ್ನು ಕ್ರೀಮಿನ ಹೊಗಳಿಕೆ ಅಂತ ಹೇಳಿದಳು.

ಡಬ್ಬಿ ಅಟ್ಟಕ್ಕೆ ಹೋಯಿತು, ಮುಖ ಸುಟ್ಟಿತು. ಡಬ್ಬಿ ಕೆಳಗೆ ಬಂತು, ಮುಖ ಆರಿತು. ಬಿಟ್ಟರೆ ಹೀಗಾಗುವಂಥದ್ದು ಕ್ರೀಮಾ? ಪೌಡರ್ ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲವಲ್ಲ, ಎಣ್ಣೆ ಬಿಟ್ಟು ಅಜ್ಜಿಗೆ ಗುಳ್ಳೆ ಏಳಲಿಲ್ಲವಲ್ಲ.

ನನಗೆ ನಾಗನ ಮೇಲೆ ಸಿಟ್ಟಿಲ್ಲ. ಪಾಪ. ಅವನು ಮಾಡದ್ದಕ್ಕೆ ಬೈಗಳು, ಅವನು ಮಾಡದ್ದಕ್ಕೇ ಪೂಜೆ.

ಫೆಬ್ರವರಿ 10, ಸೋಮವಾರ

ಪಾರ್ಲರಿನ ಕಸದ ಬುಟ್ಟಿಯಿಂದ ಟ್ಯೂಬಿನ ಖಾಲಿ ಪೆಟ್ಟಿಗೆ ತೆಗೆದೆ. ಒಳಗೆ ಮಡಚಿದ ಕಾಗದ ಇರುತ್ತದೆ, ಇರುವೆಯಷ್ಟು ಸಣ್ಣ ಇಂಗ್ಲಿಷ್. ಮೂರು ತಿಂಗಳಿನಿಂದ ಅದನ್ನು ಎಸೆದದ್ದು ನಾನೇ. ಇವತ್ತು ಓದಿದೆ. ಅರ್ಧ ಅರ್ಥ ಆಯಿತು. ‘ಫೇಸ್’ ಅಂತ ಇತ್ತು, ಅದರ ಹಿಂದೆ ‘ನಾಟ್’ ಅಂತಲೂ ಇತ್ತು.

ಮೆಡಿಕಲಿಗೆ ಹೋದೆ. ಅಫ್ರೀದ್ ಕೂತಿದ್ದ. ನನ್ನ ಹೈಸ್ಕೂಲ್ ಕ್ಲಾಸ್‌ಮೇಟ್, ಈಗ ಫಾರ್ಮಸಿ ಕಲಿತು ಅವನ ಮಾವನ ಅಂಗಡಿಯಲ್ಲಿ.

“ಎಂತ, ಪುನಃ ಇಪ್ಪತ್ತಾ?”

“ಇಲ್ಲ. ಇದರ ಮೇಲೆ ಡಾಕ್ಟರ ಚೀಟಿ ಇಲ್ಲದೆ ಕೊಡ್ಲಿಕ್ಕಿಲ್ಲ ಅಂತ ಕೆಂಪಿನಲ್ಲಿ ಬರೆದುಂಟು. ಓದಿದ್ದೀಯಾ?”

“ನಿನಗೆ ಈಗ ಕಂಡದ್ದಾ ಅದು?”

“ನನಗೆ ಈಗ ಕಂಡದ್ದು. ನಿನಗೆ ಕಲಿಸಿದ್ದಾರಲ್ಲ, ಅದಕ್ಕೆ ಕೇಳ್ಲಿಕ್ಕೆ ಬಂದದ್ದು.”

ಆಚೆ ಈಚೆ ನೋಡಿದ. ಆಮೇಲೆ ಹೇಳಿದ, ಮೆತ್ತಗೆ. ಇದು ಸ್ಟೀರಾಯ್ಡ್. ಕೈಕಾಲಿನ ದಪ್ಪ ಚರ್ಮದ ಕಾಯಿಲೆಗೆ, ಸ್ವಲ್ಪ ದಿನಕ್ಕೆ, ಡಾಕ್ಟರ್ ಹೇಳಿದರೆ ಒಳ್ಳೆ ಮದ್ದು. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಮೊದಲು ಬೆಳ್ಳಗೆ, ಆಮೇಲೆ ಚರ್ಮ ತೆಳು. “ಮತ್ತೆ ಅದಿಲ್ಲದೆ ಮುಖಕ್ಕೆ ಇರ್ಲಿಕ್ಕೇ ಆಗುದಿಲ್ಲ. ಕುಡಿಯುವವರಿಗೆ ಕೈ ನಡುಗ್ತದಲ್ಲ, ಹಾಗೆ.”

“ಗೊತ್ತಿದ್ದೂ ಕೊಟ್ಟದ್ದಾ?”

“ನೀವು ಮುಖಕ್ಕೆ ಹಚ್ಚುದು ಅಂತ ನನಗೆ ಹೇಗೆ ಗೊತ್ತು?”

“ಬ್ಯೂಟಿ ಪಾರ್ಲರಿನವರು ಇಪ್ಪತ್ತು ಟ್ಯೂಬ್ ಕಾಲಿಗೆ ಹಚ್ಚುದಾ ಅಫ್ರೀದ್?”

“ನಾನು ಕೊಡದಿದ್ರೆ ಎದುರಿನ ಅಂಗಡಿಯವ ಕೊಡ್ತಾನೆ.” ಹೇಳಿ ಅವನಿಗೇ ನಾಚಿಕೆಯಾಗಿರಬೇಕು, ಷೆಲ್ಫ್ ಒರೆಸಲು ಶುರು ಮಾಡಿದ.

ಬಸ್ಸಿನಲ್ಲಿ ಕೈ ನೋಡಿಕೊಂಡೆ. ಈ ಕೈಯಲ್ಲಿ ತಿರುಗಿಸಿದ್ದು. ಈ ಕೈಯಲ್ಲಿ ಅಕ್ಕನಿಗೆ ಕೊಟ್ಟದ್ದು, ರಿಬ್ಬನ್ ಕಟ್ಟಿ.

ಫೆಬ್ರವರಿ 12, ಬುಧವಾರ

ಕೆಲಸ ಬಿಟ್ಟೆ. ಅಥವಾ ತೆಗೆದರು. ಎರಡೂ ಒಂದೇ ನಿಮಿಷದಲ್ಲಿ ಆದದ್ದು.

ನಾನು ಕೇಳಿದ್ದು ಒಂದೇ. ಮುಚ್ಚಳದ ಮೇಲೆ ಹೆಸರಿನ ಒಟ್ಟಿಗೆ ಒಳಗೆ ಎಂತ ಉಂಟು ಅಂತಲೂ ಬರೆಯುತ್ತೇನೆ.

“ಹಾಗೆ ಬರೆದ್ರೆ ಯಾರು ತಗೊಳ್ತಾರೆ?” ಕುಮುದಿನಿಯಕ್ಕ.

“ಅದನ್ನೇ ನಾನೂ ಹೇಳುದು.”

“ನಾನು ಯಾರನ್ನಾದ್ರೂ ಎಳ್ಕೊಂಡು ಬಂದಿದ್ದೇನಾ? ಅವರೇ ಬಾಗಿಲಿಗೆ ಬರುದು. ಮಗಳು ಕಪ್ಪು ಅಂತ ಅಳುವ ತಾಯಂದಿರಿಗೆ ಎಂತ ಹೇಳ್ಲಿ ಹೇಳು? ಹೋಗಿ ಅಂತ ಹೇಳ್ಲಾ?”

“ಹೌದು.”

“ನಿನಗೆ ಸುಲಭ. ನೀನು ಎಲ್ಲವನ್ನೂ ಅರ್ಧಕ್ಕೆ ಬಿಡುವವಳು.”

ತಾಗಿತು. ಬ್ಯಾಗ್ ತೆಗೆದುಕೊಂಡು ಹೊರಟೆ. ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕೂಗಿದಳು, “ಊಟದ ಡಬ್ಬಿ ಬಿಟ್ಟಿದ್ದಿ!” ವಾಪಸ್ ಹೋಗಿ ತಂದೆ. ಇಂಥ ಹೊತ್ತಿನಲ್ಲಿ ಊಟದ ಡಬ್ಬಿ.

ಫೆಬ್ರವರಿ 20, ಗುರುವಾರ

ಮುಚ್ಚಳದ ಮೇಲೆ ಬರೆದ ಹೆಸರೆಲ್ಲ ನನಗೆ ನೆನಪಿವೆ. ಹುಡುಕಿಕೊಂಡು ಹೊರಟೆ. ಮೂರು ಮನೆ.

ಮೊದಲನೆಯವಳು ಕೇಳಿ ಹೆದರಿದಳು, ಥ್ಯಾಂಕ್ಸ್ ಅಂದಳು, ಫೋನ್ ನಂಬರ್ ತೆಗೆದುಕೊಂಡಳು. ಎರಡನೆಯ ಮನೆಯಲ್ಲಿ ಅತ್ತೆ ಬಾಗಿಲಲ್ಲೇ, “ನಿನ್ನನ್ನು ಕೆಲಸದಿಂದ ತೆಗೆದ್ರಂತೆ, ಅದಕ್ಕೆ ಈ ಹೊಟ್ಟೆಉರಿಯಾ?” ಮೂರನೆಯವಳು ಒಳಗೆ ಕರೆದಳು, ಜ್ಯೂಸ್ ಕೊಟ್ಟಳು, ಎಲ್ಲ ಕೇಳಿದಳು. ಕೊನೆಗೆ — “ಮದುವೆಗೆ ಇನ್ನು ಹನ್ನೆರಡೇ ದಿನ. ಆಮೇಲೆ ಬಿಡ್ತೇನೆ ಮಾರಾಯ್ತಿ, ಪ್ರಾಮಿಸ್.”

ನನಗೆ ಯಾಕೆ ಪ್ರಾಮಿಸ್? ಮುಖ ನನ್ನದಾ?

ಅಕ್ಕನೂ ಅದೇ ಹೇಳುತ್ತಾಳೆ. ಮೇ ನಾಲ್ಕು ಕಳೆಯಲಿ. ಎಂಟು ದಿನದಿಂದ ಜಗಳ. ನಿನ್ನೆ ಹೇಳಿದೆ, ಒಂದು ಸಲ ಡಾಕ್ಟರಿಗೆ ತೋರಿಸು, ಅವರು ಹಚ್ಚು ಅಂದರೆ ಮತ್ತೆ ನಾನು ಬಾಯಿ ತೆರೆಯುವುದಿಲ್ಲ. “ನೀನು ಬಾಯಿ ತೆರೆಯದೆ ಇರ್ತೀಯಾದ್ರೆ ಎಲ್ಲಿಗೂ ಬರ್ತೇನೆ” ಅಂದಳು.

ಮಾರ್ಚ್ 3, ಸೋಮವಾರ. ಪುತ್ತೂರಿನಿಂದ ಬಂದ ಮೇಲೆ

ಮನೆಯಲ್ಲಿ ಬ್ಲೌಸ್ ಹೊಲಿಸಲು ಅಂತ ಹೇಳಿ ಹೊರಟೆವು. ಹಾಗೆ ಹೇಳಿದ್ದು ಅಕ್ಕ. ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದೂ ಸುಳ್ಳೇ, ಬರೆದಿಡುತ್ತೇನೆ. ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸುವಾಗ ಬಿಸಿಲು ತಾಗಿ ಅಕ್ಕನ ಮುಖ ಟೊಮೆಟೊ ಆಯಿತು.

ಡಾಕ್ಟರ್ ಮೂಕಾಂಬಿಕಾ. ಐವತ್ತು ಇರಬಹುದು. ಮುಖವನ್ನು ಭೂತಗನ್ನಡಿಯಲ್ಲಿ ನೋಡಿದರು. ಚರ್ಮದ ಅಡಿಯಲ್ಲಿ ಕೆಂಪು ನೂಲಿನ ಹಾಗೆ ನರ ಕಾಣುತ್ತಿತ್ತು. ಗಲ್ಲದಲ್ಲಿ ಕೂದಲು. ನಾನು ದಿನಾ ನೋಡುವವಳು, ನೋಡಿರಲಿಲ್ಲ.

“ಎಲ್ಲಿಂದ?”

“ಕೋಡಿಂಬಾಳ. ಕಡಬದ ಹತ್ರ.”

ಪೆನ್ ಕೆಳಗಿಟ್ಟರು. “ಬಿಳಿ ಮುಚ್ಚಳದ ಡಬ್ಬಿಯಾ?”

ಮೇಜಿನ ಡ್ರಾವರ್ ಎಳೆದು ನಾಲ್ಕು ಡಬ್ಬಿ ಎದುರಿಗಿಟ್ಟರು. ಒಂದರ ಮೇಲೆ ‘ರಶ್ಮಿ’. ಒಂದರ ಮೇಲೆ ‘ಹರ್ಷಿತಾ ಎಂ.’ ದುಂಡಗಿನ ಅಕ್ಷರ. ನನ್ನ ಅಕ್ಷರ.

“ಇದನ್ನು ಯಾರು ಮಾಡುದು ಅಂತ ಯಾರೂ ಹೇಳುದಿಲ್ಲ. ಊರಿನವರು, ಗುರುತಿನವರು, ಬೇಡ ಮೇಡಂ ಅಂತಾರೆ. ಈ ರಶ್ಮಿಗೆ ಇಪ್ಪತ್ತೆರಡು ವರ್ಷ. ಹೊರಗೆ ಹೋಗುದೇ ಬಿಟ್ಟಿದ್ದಾಳೆ.”

“ನಾನು ಮಾಡಿದ್ದು” ಅಂದೆ.

ಡಾಕ್ಟರ್ ನನ್ನನ್ನು ನೋಡಿದರು. ಅಕ್ಕ ನನ್ನ ಕೈ ಚಿವುಟಿದಳು. ಎಲ್ಲ ಹೇಳಿದೆ — ಪಾತ್ರೆ, ಸೌಟು, ಯಾವ ಟ್ಯೂಬ್. ಅವರು ಬರೆದುಕೊಂಡರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ಬೇಕಾದ್ರೆ ಇದನ್ನೇ ಬರೆದು ಸೈನ್ ಮಾಡಿ ಕೊಡ್ತೀಯಾ? ಡ್ರಗ್ಸ್ ಕಂಟ್ರೋಲಿನವರಿಗೆ ಕಳಿಸ್ತೇನೆ.” ಅಲ್ಲೇ ಬರೆದುಕೊಟ್ಟೆ.

ಅಕ್ಕನಿಗೆ ಹೇಳಿದ್ದು: ಒಮ್ಮೆಲೇ ಬಿಟ್ಟದ್ದಕ್ಕೆ ಆವತ್ತು ಹಾಗೆ ಉರಿದದ್ದು. ಈಗ ಕಡಿಮೆ ಪವರಿನದ್ದು ಕೊಟ್ಟು ಮೆಲ್ಲ ಮೆಲ್ಲ ಬಿಡಿಸುವುದು. ಆದರೂ ಕೆಂಪಾಗುತ್ತದೆ, ಉರಿಯುತ್ತದೆ. ಆರು ತಿಂಗಳು, ಕೆಲವರಿಗೆ ವರ್ಷ.

“ಮೇ ನಾಲ್ಕಕ್ಕೆ ಮದುವೆ ಡಾಕ್ಟ್ರೇ.”

“ಮೇ ಐದಕ್ಕೂ ಇದೇ ಮುಖ ಅಲ್ವಾ ಅಮ್ಮ ನಿನಗೆ?”

ಬಸ್ಸಿನಲ್ಲಿ ಅಕ್ಕ ಮಣ್ಣಿನ ಗೊಂಬೆ ಹಾಗೆ ಕೂತಿದ್ದಳು. ಇಳಿಯುವಾಗ ಹೇಳಿದಳು, “ಬಿಡ್ತೇನೆ. ಆದ್ರೆ ನೀನು ಖುಷಿ ಪಡ್ಬೇಡ.”

ಮಾರ್ಚ್ 14, ಶುಕ್ರವಾರ

ಉರಿಯುತ್ತಿದೆ. ಜನವರಿಯಷ್ಟಿಲ್ಲ, ಆದರೂ ಉಂಟು. ಅಕ್ಕ ಫ್ಯಾನಿನ ಕೆಳಗಿಂದ ಏಳುವುದಿಲ್ಲ.

ಡಾಕ್ಟರ ವಿಷಯ ಮನೆಯಲ್ಲಿ ಹೇಳಿದೆ. ಅಪ್ಪ ಚೀಟಿ ನೋಡಿದರು, ಮಡಚಿಟ್ಟರು. ಅವ್ವ, “ಹಚ್ಚುವಾಗ ಚೆಂದ ಇತ್ತು, ಬಿಟ್ಟದ್ದಕ್ಕೆ ಹೀಗಾದದ್ದು. ಹಾಗಾದ್ರೆ ಕೆಟ್ಟದು ಯಾವುದು?” ಇದಕ್ಕೆ ಉತ್ತರ ಹೇಳಿ ಹೇಳಿ ಗಂಟಲು ಒಣಗಿತು. ಅಜ್ಜಿ ಇನ್ನೊಂದು ತಂಬಿಲಕ್ಕೆ ದಿನ ನೋಡಿಸುತ್ತಿದ್ದಾರೆ. ನಾಗನಿಗೆ ಪೂರ್ತಿ ಸಮಾಧಾನ ಆಗಿಲ್ಲವಂತೆ.

ಮಾರ್ಚ್ 23, ಭಾನುವಾರ

ಜಯಪ್ರಕಾಶ್ ಮನೆಯವರು ವೀಳ್ಯಶಾಸ್ತ್ರದ ಮಾತುಕತೆಗೆ ಬಂದರು. ಜಯಪ್ರಕಾಶ್, ಅವನ ತಾಯಿ, ಆ ಫೋನಿನ ಚಿಕ್ಕಮ್ಮ, ಇಬ್ಬರು ಹಿರಿಯರು.

ಅಕ್ಕ ಬೆಲ್ಲ ನೀರು ತಂದಿಟ್ಟಳು. ಕೆಂಪು ಮುಖ, ಕೆನ್ನೆಯಲ್ಲಿ ಗುಳ್ಳೆ. ಎಲ್ಲರೂ ಬೆಲ್ಲವನ್ನೇ ನೋಡಿದರು.

ಅಜ್ಜಿಗೆ ತಡೆಯಲಿಲ್ಲ. “ಎಂತ ಇಲ್ಲೆ, ನಾಗಂದು ಒಂಚೂರು ಬಾಕಿ ಉಟ್ಟು. ಬರುವ ತಿಂಗಳಲ್ಲಿ ತೀರಿಸ್ತೇವೆ.”

ಚಿಕ್ಕಮ್ಮನ ಲೋಟ ಅರ್ಧದಲ್ಲೇ ನಿಂತಿತು. “ನಾಗದೋಷ ಉಂಟಾ ಮನೆಗೆ? ಇದನ್ನು ಮೊದಲೇ ಹೇಳ್ಬೇಕಿತ್ತಲ್ಲ. ನಾಳೆ ಮಕ್ಕಳು ಮರಿ ಆಗುವ ವಿಷಯ.”

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬರು ಹೆಗಲ ಮೇಲಿನ ಶಾಲು ಸರಿಮಾಡಿಕೊಂಡರು, ಏಳುವವರ ಹಾಗೆ. ಅಪ್ಪ ಮಾತ್ರ ಗೆಲ್ಲು ಕಡಿದ ಕತ್ತಿ ಇನ್ನೂ ಕೈಯಲ್ಲೇ ಉಂಟು ಅನ್ನುವ ಹಾಗೆ ಕೂತಿದ್ದರು.

“ನಾಗ ಅಲ್ಲ. ನಾನು” ಅಂದೆ.

ಅವ್ವ, “ಗಾನ, ಒಳಗೆ ಹೋಗು.”

ಹೋಗಲಿಲ್ಲ. ಎಲ್ಲ ಹೇಳಿದೆ. ಕ್ರೀಮ್, ಟ್ಯೂಬ್, ಸೂತಕಕ್ಕೆ ಬಿಟ್ಟದ್ದು, ಪುನಃ ಹಚ್ಚಿದ್ದು, ಪುತ್ತೂರು. ಡಾಕ್ಟರ ಚೀಟಿ ತಂದು ಹಿರಿಯರ ಕೈಗೇ ಕೊಟ್ಟೆ. ಅವರಿಗೆ ಓದಲು ಬರಲಿಲ್ಲ, ಯಾವ ಡಾಕ್ಟರ ಅಕ್ಷರ ಯಾರಿಗೆ ಬರುತ್ತದೆ, ಆದರೆ ಸೀಲು ನೋಡಿ ಪುನಃ ಒರಗಿ ಕೂತರು.

ಜಯಪ್ರಕಾಶ್ ಮೊದಲ ಸಲ ಬಾಯಿ ತೆರೆದ. “ನಾನು ನೋಡ್ಲಿಕ್ಕೆ ಬಂದಾಗ ಈ ಕ್ರೀಮ್ ಇರ್ಲಿಲ್ಲ ಅಲ್ವಾ?”

ಅಕ್ಕ ತಲೆ ಅಲ್ಲಾಡಿಸಿದಳು.

“ಆಗಲೇ ಹೌದು ಅಂತ ಹೇಳಿದ್ದೆನಲ್ಲ. ಮತ್ತೆ ಯಾಕೆ?”

“ನಿಮ್ಮ ಚಿಕ್ಕಮ್ಮನನ್ನು ಕೇಳಿ” ಅಂದೆ. ಅವನ ತಾಯಿಗೆ ನಗು ಬಂದು ಸೆರಗು ಬಾಯಿಗೆ ಇಟ್ಟುಕೊಂಡರು. ಚಿಕ್ಕಮ್ಮ ನಗಲಿಲ್ಲ.

ಮಾತು ಮುಂದುವರಿಯಿತು. ತಾರೀಕು ಅದೇ. ಹೋಗುವಾಗ ಚಿಕ್ಕಮ್ಮ ಅವ್ವನ ಹತ್ತಿರ, “ಸಣ್ಣವಳಿಗೆ ಗಂಡು ಹುಡುಕುದು ಕಷ್ಟ ಉಂಟು ನಿಮಗೆ.”

ಅವರು ಹೋದ ಮೇಲೆ ಅಕ್ಕ ಅಡುಗೆಮನೆಗೆ ಬಂದಳು. ಹೊಗಳುತ್ತಾಳೆ ಅಂದುಕೊಂಡಿದ್ದೆ. ಸುಳ್ಳು ಯಾಕೆ, ಅಂದುಕೊಂಡಿದ್ದೆ.

“ನನ್ನ ಮುಖ. ಹೇಳುದಾದ್ರೆ ನಾನು ಹೇಳ್ಬೇಕಿತ್ತು. ನನ್ನನ್ನು ಒಂದು ಮಾತು ಕೇಳ್ಲಿಕ್ಕೆ ಆಗ್ಲಿಲ್ವಾ ನಿನಗೆ?”

ಅವಳು ಹೇಳಿದ್ದು ಸರಿ. ಆ ಹಿರಿಯರು ಶಾಲು ಸರಿಮಾಡಿ ಏಳಲು ಹೊರಟಾಗಿತ್ತು ಅನ್ನುವುದೂ ಸರಿ.

ಏಪ್ರಿಲ್ 17, ಗುರುವಾರ

ಇಪ್ಪತ್ತೈದು ದಿನ ಬರೆಯಲಿಲ್ಲ. ಅಕ್ಕ ಮಾತು ಬಿಟ್ಟಿದ್ದಳು. ಮೊನ್ನೆ ತಾನಾಗಿ “ಆ ಫ್ಯಾನ್ ಜೋರು ಮಾಡು” ಅಂದಳು. ಅಷ್ಟು ಸಾಕು.

ಪಾರ್ಲರಿಗೆ ಡ್ರಗ್ಸ್ ಕಂಟ್ರೋಲಿನ ಆಫೀಸರು ಬಂದಿದ್ದರಂತೆ. ಹಿಂದಿನ ಕೋಣೆಯಲ್ಲಿ ಬಕೆಟ್ ಮತ್ತು ಸ್ಟೂಲ್ ಮಾತ್ರ ಸಿಕ್ಕಿತಂತೆ. ಬರುವ ಸುದ್ದಿ ಹಿಂದಿನ ದಿನವೇ ಊರಿಗೆ ಗೊತ್ತಿತ್ತು. ನಾನು ಸೈನ್ ಮಾಡಿ ಕೊಟ್ಟದ್ದೂ ಊರಿಗೆ ಗೊತ್ತುಂಟು. ನನಗೆ ಮಾತ್ರ ಯಾರೂ ಏನೂ ಹೇಳಲಿಲ್ಲ.

ಮೇ 3, ಶನಿವಾರ. ಸಂಜೆ

ಕುಮುದಿನಿಯಕ್ಕ ಬಂದಳು. ಕರೆದದ್ದು ಅವ್ವ, ನಾಳೆಯ ಸೀರೆ, ಕೂದಲು, ಮೇಕಪ್ಪಿಗೆ. ನನಗೆ ಗೊತ್ತಿರಲಿಲ್ಲ. ನನ್ನನ್ನು ನೋಡಿಯೂ ನೋಡದ ಹಾಗೆ ಅಕ್ಕನ ಕೋಣೆಗೆ ಹೋದಳು. ಹಿಂದೆಯೇ ಹೋದೆ.

ಬ್ಯಾಗಿನಿಂದ ತೆಗೆದಳು. ಬಿಳಿ ಮುಚ್ಚಳ. ಹೆಸರು ಬರೆದಿರಲಿಲ್ಲ.

“ಇವತ್ತು ರಾತ್ರೆ ದಪ್ಪಕ್ಕೆ ಹಚ್ಚಿ ಮಲಗು ದೀಪ್ತಿ. ಬೆಳಿಗ್ಗೆ ಕೆಂಪು ಅರ್ಧ ಇಳೀತದೆ. ಒಂದು ದಿನಕ್ಕೆ ಎಂತ ಆಗುದಿಲ್ಲ. ಡಾಕ್ಟ್ರು ಫೋಟೋ ತೆಗೀಲಿಕ್ಕೆ ಬರ್ತಾರಾ ನಿನ್ನ ಮದುವೆಗೆ?”

ಅಕ್ಕ ಡಬ್ಬಿ ಕೈಯಲ್ಲಿ ತೆಗೆದುಕೊಂಡಳು. ಮುಚ್ಚಳ ತಿರುಗಿಸಿದಳು. ಕಿತ್ತುಕೊಳ್ಳಬೇಕು ಅಂತ ಕೈ ಮುಂದೆ ಹೋಯಿತು. ಅವಳ ಮುಖ, ಅವಳು ಹೇಳಬೇಕು. ಕೈ ಹಿಂದೆ ತೆಗೆದೆ. ಇಷ್ಟು ಕಷ್ಟದ ಕೆಲಸ ನಾನು ಜನ್ಮದಲ್ಲಿ ಮಾಡಿಲ್ಲ.

ಅಕ್ಕ ಕೇಳಿದಳು, “ನೀವು ಹಚ್ತೀರಾ ಇದನ್ನು?”

“ಹೌದಪ್ಪ. ನಾಲ್ಕು ವರ್ಷ ಆಯ್ತು.”

“ಮುಖ ತೊಳ್ದು ಬನ್ನಿ. ನೋಡುವ.”

“ಈಗಲಾ? ಎಂತ ತಮಾಷೆ...”

“ತೊಳ್ದು ಬನ್ನಿ ಅಕ್ಕ. ಚೆಂದ ಇದ್ರೆ ಹಚ್ತೇನೆ.”

ಕುಮುದಿನಿಯಕ್ಕ ನಕ್ಕಳು. ಆಮೇಲೆ ನಗು ನಿಂತಿತು. ಎದ್ದು ಬಚ್ಚಲಿಗೆ ಹೋದಳು. ಮೇಕಪ್ ಇಲ್ಲದ ಅವಳ ಮುಖವನ್ನು ನಾನು ಒಂದು ದಿನವೂ ನೋಡಿಲ್ಲ ಅಂತ ಆಗ ಹೊಳೆಯಿತು.

ಬಂದಳು. ನೀರು ಇಳಿಯುತ್ತಿತ್ತು. ಮುಖ ತುಂಬ ಕೆಂಪು ನರದ ಬಲೆ. ಕೆನ್ನೆಯ ಚರ್ಮ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು. ಬಾಯಿಯ ಸುತ್ತ ಕಪ್ಪು. ಗಲ್ಲದಲ್ಲಿ ಶೇವ್ ಮಾಡಿದ ಗುರುತು.

“ಬಿಟ್ಟು ನೋಡಿದ್ದೆ, ಎರಡು ಸಲ” ಅಂದಳು. “ಆಗುದಿಲ್ಲ. ಪಾರ್ಲರಿನವಳ ಮುಖ ಹೀಗಿದ್ರೆ ಯಾರು ಬರ್ತಾರೆ?”

ಪಾಪ ಅನಿಸಿತು. ಸಿಟ್ಟು ಮಾತ್ರ ಒಂದು ಚೂರೂ ಇಳಿಯಲಿಲ್ಲ, ಇನ್ನೂ ಏರಿತು. ಇದು ಗೊತ್ತಿತ್ತು ಅವಳಿಗೆ. ತನ್ನ ಮುಖದಲ್ಲೇ ನೋಡಿದ್ದಳು. ನೋಡಿಯೂ ಆ ಹುಡುಗಿಯರಿಗೆಲ್ಲ ಕೊಟ್ಟಳು, ನನ್ನ ಕೈಯಲ್ಲಿ ಹೆಸರು ಬರೆಸಿ.

“ನನಗಾದ್ರೂ ಹೇಳ್ಬಹುದಿತ್ತಲ್ಲ” ಅಂದೆ. ಅವಳು ನನ್ನ ಕಡೆ ನೋಡಲಿಲ್ಲ.

ಅಕ್ಕ ಡಬ್ಬಿಯ ಮುಚ್ಚಳ ಹಾಕಿ ಅವಳ ಬ್ಯಾಗಿಗೇ ಹಾಕಿದಳು. “ನಾಳೆ ಸೀರೆ ಉಡಿಸಿ, ಜಡೆ ಹಾಕಿ. ಮುಖ ಮುಟ್ಬೇಡಿ. ಬುಧವಾರ ಪುತ್ತೂರಿಗೆ ಗಾನನ ಒಟ್ಟಿಗೆ ಹೋಗಿ, ಡಾಕ್ಟ್ರು ಇರ್ತಾರೆ.”

ಕುಮುದಿನಿಯಕ್ಕ ಟವೆಲಿನಲ್ಲಿ ಮುಖ ಒತ್ತಿಕೊಂಡಳು, ಮೆಲ್ಲಗೆ. ಉಜ್ಜಿದರೆ ನೋಯುತ್ತದಲ್ಲ.

ಮೇ 4, ಭಾನುವಾರ. ಬೆಳಿಗ್ಗೆ ಒಂಬತ್ತು, ಮದುವೆ ಹಾಲ್, ಹೆಣ್ಣಿನ ಕೋಣೆ

ಐದು ನಿಮಿಷ ಸಿಕ್ಕಿದೆ. ಅಕ್ಕ ಕೂತಿದ್ದಾಳೆ. ಸೀರೆ, ಮಲ್ಲಿಗೆ, ಕೆಂಪು ಮುಖ. ಫೋಟೋಗ್ರಾಫರ್ ಎರಡು ಸಲ ಲೈಟ್ ಬದಲಿಸಿದ. “ಅಕ್ಕ, ಆಮೇಲೆ ಎಡಿಟಿಂಗಲ್ಲಿ ಬಿಳಿ ಮಾಡಿ ಕೊಡ್ತೇನೆ, ಟೆನ್ಶನ್ ಮಾಡ್ಬೇಡಿ” ಅಂದ. “ನನಗೆ ಟೆನ್ಶನ್ ಇಲ್ಲ, ನಿಮಗುಂಟಾ?” ಅಂದಳು. ಅವನು ಕೆಮ್ಮಿದ.

ಹೆಂಗಸರು ಬರುತ್ತಾರೆ, ನೋಡುತ್ತಾರೆ, “ಉಷ್ಣವಾ?” ಅಂತ ಕೇಳುತ್ತಾರೆ. ಅಕ್ಕ ಒಬ್ಬೊಬ್ಬರಿಗೂ ಪೂರ್ತಿ ಹೇಳುತ್ತಾಳೆ. ಕ್ರೀಮ್ ಹಚ್ಚಿ ಆದದ್ದು. ಪಾರ್ಲರಿನದ್ದು. ಇಲ್ಲ, ನಾಗ ಅಲ್ಲ. ನಾನು ಬಾಯಿ ಮುಚ್ಚಿ ಪಿನ್ನು ಕೊಡುತ್ತಿದ್ದೇನೆ.

ಈಗ ಒಬ್ಬಳು ಹುಡುಗಿ ಬಂದಳು. ಸಮನ್ವಿತಾ ಅಂತ, ಜಯಪ್ರಕಾಶ್ ಭಾವನ ಪಕ್ಕದ ಮನೆಯವಳು, ಫಸ್ಟ್ ಪಿಯುಸಿ. ಗೋಧಿ ಬಣ್ಣ, ಒಳ್ಳೆ ನಗು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಅಕ್ಕನಿಗೆ ಏನನಿಸಿತೋ, ಹತ್ತಿರ ಕರೆದು ಅವಳ ಕೈ ತೆಗೆದು ತನ್ನ ಕೆನ್ನೆಗೆ ಇಟ್ಟುಕೊಂಡಳು.

“ಬಿಸಿ ಉಂಟಾ?”

“ಅಯ್ಯೋ. ಜ್ವರ ಬಂದ ಹಾಗೆ.”

“ಆರು ತಿಂಗಳು ಹೀಗೇ ಅಂತೆ.”

ಹುಡುಗಿ ಕೈ ಹಿಂದೆ ತೆಗೆದುಕೊಂಡಳು. ಅಕ್ಕನ ಮುಖವನ್ನೇ ನೋಡಿದಳು, ತುಂಬ ಹೊತ್ತು. ಆಮೇಲೆ ನನ್ನ ಹತ್ತಿರ ಬಂದು ಕಿವಿಯಲ್ಲಿ ಕೇಳಿದಳು,

“ಆದ್ರೆ ಅಕ್ಕ, ಬೆಳ್ಳಗೆ ಆಗುದಂತೂ ಹೌದಲ್ಲ?”

ನಾನು ಅವಳ ಕೈ ಹಿಡಿದು ಹೇಳಿದೆ — “ಹೌದು, ಮೂರು ತಿಂಗಳು; ಆಮೇಲೆ ನೀನು ಈಗ ಮುಟ್ಟಿದ ಮುಖ.”